ಚೆನ್ನಪ್ಪಣ್ಣ ಮೊದಲು ಕುಡಿದು ನೋಡಿದ್ದು

ಫಳ್ನೀರಿನ ನಮ್ಮ ಕ್ಲಿನಿಕ್ಕಿಗೆ ಶತ್ರು ಅಂತ ಒಬ್ಬರಿದ್ದರೆ ಅದು ಕೆಳಗಿನ ಬೇಕರಿ. ಮೇಲೆ ಹೊಟ್ಟೆಯ ಡಾಕ್ಟರು, ಕೆಳಗೆ ಅದ್ದುವಿನ ಬೇಕರಿ. ಹಿಂದಿನ ದಿನದಿಂದ ಉಪವಾಸ ಕೂತು, ಕರುಳು ತೊಳೆದುಕೊಂಡು, ಮುಖ ಸಣ್ಣ ಮಾಡಿಕೊಂಡು ಟೆಸ್ಟಿಗೆ ಬಂದವರ ಮೂಗಿಗೆ ಬೆಳಿಗ್ಗೆ ಬೆಳಿಗ್ಗೆಯೇ ಎಗ್ ಪಫ್ಸಿನ ಪರಿಮಳ ಬಂದು ಹೊಡೆಯುತ್ತದೆ. ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಪಫ್ಸ್. ಓವನ್ನನ್ನು ಸ್ವಲ್ಪ ತಡವಾಗಿ ಹಚ್ಚು ಎಂದು ಅದ್ದುವಿಗೆ ಹೇಳಿ ನೋಡಿದೆ. ಅವನು ನಕ್ಕು, ನಿಮ್ಮ ಪೇಷಂಟುಗಳೇ ನನ್ನ ಗಿರಾಕಿಗಳು ಸಿಸ್ಟರ್, ಟೆಸ್ಟ್ ಮುಗಿಸಿ ನೇರ ಇಲ್ಲಿಗೇ ಇಳಿಯುತ್ತಾರೆ ಎಂದ. ಅದು ನಿಜವೇ ಆದ್ದರಿಂದ ನನಗೆ ಇನ್ನೂ ಸಿಟ್ಟು ಬಂತು.

ನಾನು ಬೆನಿಟಾ, ಇಲ್ಲಿ ನರ್ಸ್. ಬೆಳಿಗ್ಗೆ ಟೆಸ್ಟ್ ರೂಮಿನಲ್ಲಿ ಡಾಕ್ಟರ್ ನಜ್ಲಾ ಅವರ ಪಕ್ಕ ನಿಲ್ಲುವುದು, ಸಂಜೆ ಕೌಂಟರಿನಲ್ಲಿ ಕೂತು ಜನರ ಹತ್ತಿರ ಜಗಳ ಮಾಡುವುದು, ಎರಡೂ ನನ್ನದೇ ಕೆಲಸ. ಜಗಳ ಏಕೆಂದರೆ, ನಮ್ಮೂರಿನವರು ಬೇರೆಲ್ಲ ವಿಷಯದಲ್ಲಿ ಹೇಗೋ ಏನೋ, ಹೊಟ್ಟೆಯ ವಿಷಯದಲ್ಲಿ ಮಾತ್ರ ಸತ್ಯ ಹೇಳುವುದಿಲ್ಲ. ಕರುಳಿನ ಒಳಗೆ ಕ್ಯಾಮೆರಾ ಹಾಕಿ ನೋಡುವ ಟೆಸ್ಟಿಗೆ ಮೊದಲು ಗಂಜಿಯ ತಿಳಿ, ಎಳೆ ತೆಂಗಿನ ಬೊಂಡದ ನೀರು, ಹಾಲು ಹಾಕದ ಚಾ ಇಷ್ಟೇ ಕುಡಿಯಬೇಕು ಎಂದು ತುಳುವಿನಲ್ಲೂ ಕೊಂಕಣಿಯಲ್ಲೂ ಕನ್ನಡದಲ್ಲೂ ಹೇಳಿ ಕಳುಹಿಸುತ್ತೇನೆ. ಮೊರಿಸ್ ಎಂಬ ನಮ್ಮದೇ ಇಗರ್ಜಿಯ ಹಿರಿಯರು ಹಂದಿ ಮಾಂಸದ ಸಾರನ್ನು ಕುಡಿದು ಬಂದು, ತುಂಡು ಒಂದನ್ನೂ ಮುಟ್ಟಲಿಲ್ಲ, ಬರೀ ನೀರು ಎಂದು ಆಣೆ ಹಾಕಿದರು. ಬಂದರಿನ ಇದಿನಬ್ಬ ಎನ್ನುವವರು ಸೊಸೆ ಮಾಡಿದ ಪಾಯಸವನ್ನು ಬಟ್ಟೆಯಲ್ಲಿ ಸೋಸಿ ಕುಡಿದಿದ್ದರು. ಕ್ಯಾಮೆರಾ ಒಳಗೆ ಹೋದ ಮೇಲೆ ಯಾರ ಆಣೆಯೂ ನಡೆಯುವುದಿಲ್ಲ, ಬೈಯುವ ಕೆಲಸ ಮಾತ್ರ ನನ್ನ ಪಾಲಿಗೆ ಬರುತ್ತದೆ.

ಇನ್ನು ಕೆಲವರು ಬಾಯೇ ಬಿಡುವುದಿಲ್ಲ. ಕಾಯಿಲೆ ಇರುವುದು ಕೆಳಗೆ, ಹೇಳುವುದು ಮೊಣಕಾಲಿನ ನೋವು. ಡಾಕ್ಟರ್ ನಜ್ಲಾ ಬಜಪೆಯವರು, ತುಳು, ಬ್ಯಾರಿ, ಕನ್ನಡ ಎಲ್ಲದರಲ್ಲೂ ನಯವಾಗಿ ಕೇಳುತ್ತಾರೆ. ಎಷ್ಟು ನಯವಾಗಿ ಕೇಳಿದರೂ ನಾಚಿಕೆಗೆ ಭಾಷೆ ಇಲ್ಲವಲ್ಲ. ಇಂಥವರೆಲ್ಲರ ಬಾಯಿ ಬಿಡಿಸಲು ನಮಗೆ ದೇವರು ಕೊಟ್ಟ ಸಹಾಯ ಬೋಳಾರದ ಚಂಪಕ್ಕ.

ಚಂಪಕ್ಕ ನಮ್ಮ ಪೇಷಂಟ್ ಅಲ್ಲ. ಅವರು ಪೇಷಂಟುಗಳನ್ನು ಕರೆದುಕೊಂಡು ಬರುವವರು. ತಮ್ಮ ಮಹಿಳಾ ಸಂಘದವರು, ನೆರೆಮನೆಯವರು, ಮಂಗಳಾದೇವಿ ದೇವಸ್ಥಾನದ ಹತ್ತಿರ ಹೂ ಮಾರುವವರು, ಹೀಗೆ ಅರ್ಧ ಬೋಳಾರವನ್ನು ಅವರು ನಮ್ಮ ಮೆಟ್ಟಿಲು ಹತ್ತಿಸಿದ್ದಾರೆ. ಬಂದವರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತರೆ ಚಂಪಕ್ಕ ಪಕ್ಕದಲ್ಲಿ ನಿಂತು ಅವರ ಕಾಯಿಲೆಯನ್ನು ಹೇಳುತ್ತಾರೆ. ಎಷ್ಟು ಸಲ ಹೋಗುವುದು, ಯಾವ ಬಣ್ಣ, ಗ್ಯಾಸ್ ಮೇಲೆ ಹೋಗುವುದೋ ಕೆಳಗೆ ಹೋಗುವುದೋ, ಒಂದನ್ನೂ ಬಿಡುವುದಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಹೆಂಗಸು ಒಳಗಿನಿಂದಲೇ ಹೌದು ಹೌದು ಎಂದು ತಲೆಯಾಡಿಸುತ್ತಾಳೆ. ಚಂಪಕ್ಕ ಬಂದ ದಿನ ನನ್ನ ಕೆಲಸ ಅರ್ಧ ಆಗುತ್ತದೆ ಎಂದು ಒಮ್ಮೆ ಡಾಕ್ಟರೇ ಹೇಳಿದ್ದರು. ಆ ಮಾತನ್ನು ಚಂಪಕ್ಕ ಬೋಳಾರದಲ್ಲೆಲ್ಲ ಹಂಚಿದ್ದರು.

ಇಷ್ಟು ವರ್ಷ ಬಂದರೂ ಚಂಪಕ್ಕನ ಹೆಸರಿನಲ್ಲಿ ನಮ್ಮಲ್ಲಿ ಒಂದು ಫೈಲ್ ಇರಲಿಲ್ಲ. ಒಂದು ಸಲ ಬಿಪಿಯಾದರೂ ನೋಡುತ್ತೇನೆ ಬನ್ನಿ ಎಂದು ನಾನು ಕರೆದರೆ, ಕೈ ಹಿಂದೆ ಮಾಡಿಕೊಂಡು, ಮಾರಾಯ್ತಿ, ನನ್ನ ಹೆಸರು ಬರೆಯಬೇಡ ಎನ್ನುತ್ತಿದ್ದರು. ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದೆ.

ಅವರ ಗಂಡ ಚೆನ್ನಪ್ಪಣ್ಣ. ಈಗ ಹೇಳಲು ಹೊರಟದ್ದು ಅವರ ಕಥೆಯನ್ನೇ. ಆದರೆ ಹೆಂಡತಿಯನ್ನು ದಾಟದೆ ಅವರ ಹತ್ತಿರ ಹೋಗಲು ಯಾರಿಗೂ ಆಗುವುದಿಲ್ಲ. ಅವರು ಬಜಪೆಯ ಆಚೆಯ ಗದ್ದೆ ಮನೆಯವರು. ಹುಡುಗನಾಗಿದ್ದಾಗಲೇ ಬೋಳಾರಕ್ಕೆ ಬಂದು ಹೆಂಚಿನ ಕಾರ್ಖಾನೆಯಲ್ಲಿ ದುಡಿದು, ಕಾರ್ಖಾನೆ ಮುಚ್ಚಿದ ಮೇಲೆ ಗ್ಯಾಸ್ ಸ್ಟವ್ ರಿಪೇರಿ ಕಲಿತು, ನದಿಯ ಕಡೆ ಇಳಿಯುವ ರಸ್ತೆಯಲ್ಲಿ ಒಂದು ಚಿಕ್ಕ ಅಂಗಡಿ ಇಟ್ಟರು. ಮಾತು ಅವರಿಗೆ ಬರುವುದಿಲ್ಲ ಎಂದಲ್ಲ, ಬೇಕಾಗುವುದಿಲ್ಲ. ಹೆಣ್ಣು ನೋಡಲು ಹೋದ ದಿನ ಇಡೀ ಹೊತ್ತು ಬಾಯಿ ಬಿಡದೆ ಕೂತಿದ್ದರಂತೆ. ಚಂಪಕ್ಕನ ಅಪ್ಪನಿಗೆ ಅನುಮಾನ ಬಂದು, ಹುಡುಗನಿಗೆ ಮಾತು ಬರುತ್ತದಲ್ಲ ಎಂದು ದಲ್ಲಾಳಿಯ ಕಿವಿಯಲ್ಲಿ ಕೇಳಿದರಂತೆ. ಚಂಪಕ್ಕ ಮಾತ್ರ ಬಾಗಿಲ ಹಿಂದೆ ನಿಂತು, ಬಾರದಿದ್ದರೆ ಒಳ್ಳೆಯದೇ ಆಯಿತು ಎಂದುಕೊಂಡರಂತೆ. ಇದನ್ನು ಅವರು ಗಂಡನ ಎದುರೇ ಹೇಳುತ್ತಾರೆ, ಚೆನ್ನಪ್ಪಣ್ಣ ಗೋಡೆ ನೋಡುತ್ತಾ ಕೂತಿರುತ್ತಾರೆ.

ಆ ಮನುಷ್ಯನ ಗುಣ ನನಗೆ ಗೊತ್ತಾದದ್ದು ನಮ್ಮ ಕ್ಲಿನಿಕ್ಕಿನ ಅಡುಗೆಕೋಣೆಯ ಸ್ಟವ್ ಕೆಟ್ಟಾಗ. ಅವರು ಬಂದು ಬಿಚ್ಚಿ, ಉಜ್ಜಿ, ಜೋಡಿಸಿದರು. ಆಯಿತಲ್ಲ, ಇನ್ನು ಹೋಗುತ್ತಾರೆ ಎಂದು ನಾನು ಕಾದರೆ ಅವರು ನನ್ನ ಚಾ ಪುಡಿಯ ಡಬ್ಬಿಗೇ ಕೈ ಹಾಕಿದರು. ಪಾತ್ರೆಯಲ್ಲಿ ನೀರಿಟ್ಟು, ಚಾ ಮಾಡಿ, ಗ್ಲಾಸಿಗೆ ಬಗ್ಗಿಸಿ, ಆರಾಮಾಗಿ ನಿಂತು ಪೂರ್ತಿ ಕುಡಿದರು. ನನಗೆ ಒಂದು ಹನಿಯನ್ನೂ ಕೊಡಲಿಲ್ಲ. ಕುಡಿದಾದ ಮೇಲೆ ಗ್ಲಾಸು ತೊಳೆದಿಟ್ಟು ತಲೆಯಾಡಿಸಿ ಹೊರಟರು. ಇದೆಂಥ ದೌಲತ್ತು ಎಂದು ನಾನು ಚಂಪಕ್ಕನಲ್ಲಿ ದೂರಿದೆ. ಅವರು ನಕ್ಕರು. ರಿಪೇರಿ ಮಾಡಿದ ಯಾವ ಸ್ಟವ್‌ನಲ್ಲೂ ಮೊದಲ ಚಾ ಅವರದ್ದೇ ಅಂತೆ. ತಾನು ಮಾಡಿ ಕುಡಿದು, ಉರಿ ಸರಿ ಉಂಟು, ವಾಸನೆ ಇಲ್ಲ ಎಂದು ಖಾತ್ರಿ ಆದ ಮೇಲೆಯೇ ಇನ್ನೊಬ್ಬರ ಮನೆಯ ಹೆಂಗಸಿನ ಕೈಗೆ ಕೊಡುವುದಂತೆ. ಮಗಳು ಯಶ್ಮಿತಾ ಸಣ್ಣವಳಿರುವಾಗ ಹುಳದ ಮದ್ದು ಕುಡಿಯಲು ಅತ್ತರೆ, ಮೊದಲ ಚಮಚ ಅಪ್ಪ ಕುಡಿಯುತ್ತಿದ್ದರಂತೆ. ಆ ಮನೆಯಲ್ಲಿ ಇಷ್ಟು ವರ್ಷ ಹುಳ ಇಲ್ಲದೆ ಇದ್ದವರು ಇವರೊಬ್ಬರೇ ಎಂದು ಚಂಪಕ್ಕ ಹೇಳಿದ್ದನ್ನು ಕೇಳಿ ನನ್ನ ಸಿಟ್ಟು ಇಳಿಯಿತು.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ಸಂಜೆ ಚಂಪಕ್ಕ ಚೆನ್ನಪ್ಪಣ್ಣನನ್ನೇ ಕರೆದುಕೊಂಡು ಬಂದರು. ಎರಡು ವಿಷಯ ನನ್ನ ಕಣ್ಣಿಗೆ ಬಿದ್ದವು. ಮೆಟ್ಟಿಲು ಹತ್ತುವಾಗ ಕಾಯಿಲೆಯ ಗಂಡ ಸಲೀಸಾಗಿ ಮೇಲೆ ಬಂದರು, ಕಾಯಿಲೆ ಇಲ್ಲದ ಹೆಂಡತಿ ನಡುವೆ ಕಂಬಿ ಹಿಡಿದು ನಿಂತು ಉಸಿರು ತೆಗೆದುಕೊಂಡರು. ಮತ್ತೆ ಚಂಪಕ್ಕನ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ನಾನು ಕೇಳಿದ್ದಕ್ಕೆ, ಇವರ ಚಿಂತೆಯಿಂದ ನಿದ್ದೆ ಇಲ್ಲ ಎಂದರು.

ಒಳಗೆ ಎಂದಿನಂತೆ ಚೆನ್ನಪ್ಪಣ್ಣ ಕುರ್ಚಿಯಲ್ಲಿ, ಚಂಪಕ್ಕ ಪಕ್ಕದಲ್ಲಿ. ಇವರಿಗೆ ಕೆಲವು ತಿಂಗಳಿಂದ ಹೊರಗೆ ಹೋಗುವಾಗ ರಕ್ತ ಹೋಗುತ್ತದೆ ಎಂದು ಚಂಪಕ್ಕ ಶುರು ಮಾಡಿದರು. ಮೂಲವ್ಯಾಧಿಯ ಹಾಗೆ ಉರಿ ಇಲ್ಲ, ಸುಮ್ಮನೆ ಬೆರೆತು ಹೋಗುತ್ತದೆ. ಎಡಗಡೆ ಒಳಗಿನಿಂದ ಯಾರೋ ಮೆಲ್ಲನೆ ಹಿಂಡಿದ ಹಾಗೆ ಆಗುತ್ತದೆ, ಹೋಗಿ ಬಂದ ಮೇಲೂ ಇನ್ನೂ ಉಂಟು ಇನ್ನೂ ಉಂಟು ಎನಿಸುತ್ತದೆ, ನಾಲ್ಕು ಹೆಜ್ಜೆ ನಡೆದರೆ ಕಣ್ಣು ಕತ್ತಲೆ ಬರುತ್ತದೆ. ಹೇಳುತ್ತಾ ಹೇಳುತ್ತಾ ಅವರ ಅಂಗೈ ತಮ್ಮದೇ ಹೊಟ್ಟೆಯ ಎಡಭಾಗಕ್ಕೆ ಹೋಗಿ ಕೂತಿತು. ಬೇರೆಯವರ ಕಾಯಿಲೆಯನ್ನು ಅವರು ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬೇರೆಯವರದ್ದಾದರೆ ಕೈ ಬೀಸಿ, ಕಣ್ಣು ಅರಳಿಸಿ, ನಾಟಕದ ಹಾಗೆ ಹೇಳುವುದು. ಇದನ್ನು ತಗ್ಗಿದ ಸ್ವರದಲ್ಲಿ ಹೇಳಿದರು. ಗಂಡನ ಹೊಟ್ಟೆಯೊಳಗೆ ಯಾರು ಹಿಂಡುತ್ತಾರೆ ಎಂದು ಹೆಂಡತಿಗೆ ಹೇಗೆ ಗೊತ್ತು ಎಂದು ನನಗೆ ಅಲ್ಲಿಯೇ ಅನುಮಾನ ಬಂತು.

ಡಾಕ್ಟರು ಚೆನ್ನಪ್ಪಣ್ಣನನ್ನು ಹೌದೇ ಎಂದು ಕೇಳಿದರು. ಚೆನ್ನಪ್ಪಣ್ಣ ಹೆಂಡತಿಯ ಮುಖ ನೋಡಿದರು. ಬಹಳ ಹೊತ್ತು ನೋಡಿ, ತಲೆಯಾಡಿಸಿದರು. ಹಾಗಾದರೆ ಒಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು, ಇಂಥದ್ದನ್ನು ಮುಂದೆ ಹಾಕಬಾರದು, ಬೇಗ ನೋಡಿದರೆ ಹೆಚ್ಚಿನದ್ದಕ್ಕೆ ಮದ್ದು ಉಂಟು ಎಂದರು ಡಾಕ್ಟರು. ಚಂಪಕ್ಕ ಒಂದು ಬಾಟಲಿ ಸಿರಪ್ ಸಿಗುತ್ತದೆ ಎಂದು ಬಂದವರು. ಈಗ ಬೇಡ, ದೀಪಾವಳಿ ಮುಗಿಯಲಿ, ಮತ್ತೆ ನೋಡುವ ಎಂದು ಎದ್ದರು. ಆಗ ಚೆನ್ನಪ್ಪಣ್ಣ ಬಾಯಿ ತೆರೆದರು.

"ಮಾಡುವ. ದಿನ ಹೇಳಿ."

ಅದು ನಾನು ಕೇಳಿದ ಅವರ ಮೊದಲ ಮಾತು. ಚಂಪಕ್ಕ ಗಾಬರಿಯಿಂದ ಗಂಡನನ್ನು ನೋಡಿದರು.

ಮರುದಿನ ಚೆನ್ನಪ್ಪಣ್ಣನ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು, ಹಿಮೋಗ್ಲೋಬಿನ್ ಒಂದಿಷ್ಟೂ ಕಡಿಮೆ ಇರಲಿಲ್ಲ. ತಿಂಗಳುಗಟ್ಟಲೆ ರಕ್ತ ಹೋದವರ ರಕ್ತ ಅಷ್ಟು ಗಟ್ಟಿಯಾಗಿರುವುದಿಲ್ಲ. ಕರುಳು ತೊಳೆಯುವ ಪುಡಿ ಕೊಂಡುಹೋಗಲು ಚಂಪಕ್ಕ ಒಬ್ಬರೇ ಬಂದಾಗ ಅವರನ್ನು ಅಡುಗೆಕೋಣೆಗೆ ಕರೆದು ಬಾಗಿಲು ಹಾಕಿ, ಸುತ್ತುಬಳಸದೆ ಕೇಳಿದೆ, ರಕ್ತ ಹೋಗುವುದು ಯಾರಿಗೆ ಎಂದು.

ಮೊದಲು ಸಿಟ್ಟಾದರು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಅಕ್ಕನಿಗೂ ಹೀಗೆಯೇ ಆಗಿತ್ತಂತೆ. ಯಾರಿಗೂ ಹೇಳದೆ ಮುಚ್ಚಿಟ್ಟು, ಕೊನೆಗೆ ಆಸ್ಪತ್ರೆಗೆ ಹೋದಾಗ ತಡವಾಯಿತು ಎಂದರಂತೆ. ಫೈಲಿನಲ್ಲಿ ಹೆಸರು ಬರೆದ ಮೇಲೆ ಅಕ್ಕ ಹೆಚ್ಚು ದಿನ ಇರಲಿಲ್ಲ. ತಡ ಮಾಡಿದ್ದರಿಂದ ಹೋದದ್ದು, ಹೆಸರು ಬರೆದದ್ದರಿಂದ ಅಲ್ಲ ಎಂದು ನಾನು ಹೇಳಿದೆ. ಅದು ಚಂಪಕ್ಕನಿಗೂ ಗೊತ್ತು. ಊರಿನವರಿಗೆಲ್ಲ ಅದನ್ನೇ ಹೇಳಿ ಹೇಳಿ ಇಲ್ಲಿಗೆ ಕರೆತಂದವರು ಅವರೇ. ಆದರೆ ತಮ್ಮ ಸರದಿ ಬಂದಾಗ ಧೈರ್ಯ ಕೈಕೊಟ್ಟಿತ್ತು. ಡಾಕ್ಟರು ಏನು ಹೇಳುತ್ತಾರೆಂದು ತಿಳಿಯಲಿ, ಹೆಸರು ಮಾತ್ರ ತನ್ನದು ಬೇಡ ಎಂದು ಗಂಡನನ್ನು ಕೂರಿಸಿದ್ದರು.

"ಅವರಿಗೆ ಎಂತ ಇಲ್ಲ ಅಂತ ಬಂದ್ರೆ ನನಗೂ ಎಂತ ಇಲ್ಲ ಬೆನಿಟಾ. ಒಂದೇ ಬಾವಿಯ ನೀರು, ಒಂದೇ ಪಾತ್ರೆಯ ಗಂಜಿ. ಬೇರೆ ಬೇರೆ ಕಾಯಿಲೆ ಹೇಗೆ ಬರ್ತದೆ?"

ಅಷ್ಟು ಬುದ್ಧಿ ಇರುವ ಹೆಂಗಸು ಹೀಗೆ ಹೇಳಿದ್ದು ಕೇಳಿ ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಹೆದರಿಕೆ ಎಂಥವರ ತಲೆಯನ್ನೂ ಕೆಡಿಸುತ್ತದೆ. ಇದನ್ನು ಡಾಕ್ಟರಿಗೆ ಹೇಳದೆ ಇರುವುದಿಲ್ಲ ಎಂದೆ. ಹೇಳಿದರೆ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಅವರು ಪುಡಿಯ ಪ್ಯಾಕೆಟ್ ಹಿಡಿದು ಹೊರಟರು. ನಾನು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಈಗ ಒತ್ತಾಯ ಮಾಡಿದರೆ ಅವರು ಓಡಿಹೋಗುತ್ತಾರೆ, ಗಂಡನ ಜೊತೆ ಬರುತ್ತಾರಲ್ಲ, ಅವತ್ತು ಬಿಡಬಾರದು ಎಂದರು. ಟೆಸ್ಟಿಗೆ ಇನ್ನೂ ನಾಲ್ಕು ದಿನ ಇತ್ತು, ಅಷ್ಟೂ ದಿನ ನನಗೆ ಚಂಪಕ್ಕನದ್ದೇ ಯೋಚನೆ. ಅವರ ಅಕ್ಕ ಮಾಡಿದ್ದನ್ನೇ ಅವರೂ ಮಾಡಿದರೆ ಎಂದು ಎಣಿಸಿ ಸಿಟ್ಟು ಬರುತ್ತಿತ್ತು, ಪ್ರೀತಿ ಇದ್ದದ್ದಕ್ಕೇ ಬಂದ ಸಿಟ್ಟು ಅದು.

ಟೆಸ್ಟಿನ ದಿನ ಚೆನ್ನಪ್ಪಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮದುವೆಗೆ ಬಂದವರ ಹಾಗೆ ಬಂದರು. ಚಂಪಕ್ಕನೇ ಸೋತುಹೋಗಿದ್ದರು. ಗಂಡ ಉಪವಾಸ ಇರುವಾಗ ತಾನು ಹೇಗೆ ಉಣ್ಣುವುದು ಎಂದು ಹಿಂದಿನ ದಿನ ಅವರೂ ಉಪವಾಸ ಇದ್ದರಂತೆ. ಅದೇ ದಿನ ಪಕ್ಕದ ಮನೆಯವರು ಬಂಗುಡೆ ಮೀನಿನ ಪುಳಿಮುಂಚಿ ಕಳುಹಿಸಿದ್ದರಂತೆ, ಅದನ್ನು ಬೆಕ್ಕು ತಿಂದಿತಂತೆ. ಸುಳ್ಳು ಹೇಳಿದ್ದು ತಾನು, ಜಗ್ಗುಗಟ್ಟಲೆ ಆ ಪುಡಿಯ ಉಪ್ಪುನೀರು ಕುಡಿದು ಇಡೀ ಸಂಜೆ ಬಚ್ಚಲಿಗೆ ಓಡಿದ್ದು ಅವರು. ಕುಡಿಯಬೇಡಿ, ಬಿಡಿ, ನಾನು ಡಾಕ್ಟರಿಗೆ ಫೋನ್ ಮಾಡುತ್ತೇನೆ ಎಂದು ಇವರು ಅತ್ತರೂ ಕೇಳಲಿಲ್ಲವಂತೆ. ಒಂದು ಗ್ಲಾಸು ಕುಡಿಯುವುದು, ಮುಖ ಒರೆಸಿಕೊಳ್ಳುವುದು, ಗಡಿಯಾರ ನೋಡುವುದು, ಮತ್ತೊಂದು ಗ್ಲಾಸು. ಹೇಳುವಾಗ ಚಂಪಕ್ಕ ನನ್ನ ಮುಖ ನೋಡಲಿಲ್ಲ.

ಟೆಸ್ಟ್ ರೂಮಿನಲ್ಲಿ ಡಾಕ್ಟರು ಚೆನ್ನಪ್ಪಣ್ಣನನ್ನು ಒಬ್ಬರನ್ನೇ ಕೇಳಿದರು, ನಿಜ ಹೇಳಿ, ನಿಮಗೆ ರಕ್ತ ಹೋಗುತ್ತದಾ ಎಂದು. ಇಲ್ಲ ಎಂದರು. ಮತ್ತೆ ಯಾಕೆ ಬಂದಿರಿ ಎಂದರೆ, ಪ್ರಾಯ ಅರವತ್ತು ದಾಟಿತಲ್ಲ ಡಾಕ್ಟ್ರೇ, ಒಮ್ಮೆ ನೋಡಿ ಎಂದರು. ಆ ಪ್ರಾಯಕ್ಕೆ ಒಮ್ಮೆ ನೋಡುವುದು ಸರಿಯಾದದ್ದೇ, ಡಾಕ್ಟರೇ ಎಲ್ಲರಿಗೂ ಹೇಳುವ ಮಾತು ಅದು. ಹಾಗಾಗಿ ನೋಡಿದರು. ನಿದ್ದೆಯ ಇಂಜೆಕ್ಷನ್ ಕೊಟ್ಟಾಗ ನಮ್ಮಲ್ಲಿ ಜನ ಏನೇನೋ ಮಾತಾಡುತ್ತಾರೆ. ಒಬ್ಬರು ಅತ್ತೆಗೆ ಬೈದಿದ್ದರು, ಒಬ್ಬ ಬ್ಯಾಂಕಿನ ಮ್ಯಾನೇಜರ್ ಭಜನೆ ಹೇಳಿದ್ದರು. ಚೆನ್ನಪ್ಪಣ್ಣ ಆ ಅಮಲಿನಲ್ಲಿಯೂ ಒಂದು ಮಾತಾಡಲಿಲ್ಲ. ಅವರ ಕರುಳು ತೊಳೆದಿಟ್ಟ ಪಾತ್ರೆಯಷ್ಟು ಚೊಕ್ಕವಾಗಿತ್ತು. ಹೇಳಿದ ಹಾಗೆ ಹೇಳಿದಷ್ಟನ್ನೇ ಕುಡಿದು ಬಂದ ಪೇಷಂಟನ್ನು ನಾನು ನೋಡಿದ್ದು ಅಪರೂಪ.

ಎಚ್ಚರವಾಗಿ, ಬಟ್ಟೆ ಹಾಕಿಕೊಂಡು ಅವರು ಡಾಕ್ಟರ ಕೋಣೆಗೆ ಬಂದು ಕೂತರು. ಚಂಪಕ್ಕ ಪಕ್ಕದಲ್ಲಿ ನಿಂತರು. ಏನೂ ಇಲ್ಲ, ಎಲ್ಲ ಸರಿ ಉಂಟು ಎಂದು ಡಾಕ್ಟರು ಹೇಳಿದ ಕೂಡಲೇ ಚಂಪಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ನಾನು ಹೇಳಲಿಲ್ಲವಾ ಎಂಬಂತೆ ನನ್ನ ಕಡೆ ನೋಡಿ, ಮಂಗಳಾದೇವಿಗೆ ಕೈಮುಗಿದು, ಬನ್ನಿ ಹೋಗುವ, ಕೆಳಗೆ ಪಫ್ಸ್ ತಿನ್ನುವ ಎಂದು ಗಂಡನ ತೋಳು ಹಿಡಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಚೆನ್ನಪ್ಪಣ್ಣ ಮಾತ್ರ ಏಳಲಿಲ್ಲ.

"ನನಗೆ ಎಂತ ಇಲ್ಲ ಅಂತ ನನಗೆ ಗೊತ್ತಿತ್ತು ಡಾಕ್ಟ್ರೇ," ಎಂದರು. "ಅವತ್ತು ಇವಳು ಹೇಳಿದ್ದೆಲ್ಲ ಇವಳದ್ದು. ನಾನು ಬಚ್ಚಲು ತೊಳೆಯುವವ, ನನಗೆ ಕಾಣುವುದಿಲ್ಲವಾ? ಕೇಳಿದ್ರೆ ಹೇಳುವುದಿಲ್ಲ. ಬಾ ಅಂದ್ರೆ ಬರುವುದಿಲ್ಲ. ಅದಕ್ಕೇ, ಮೊದಲು ನಾನು ಮಾಡಿ ನೋಡಿದೆ."

ಆಮೇಲೆ ಕುರ್ಚಿಯಲ್ಲೇ ಹೆಂಡತಿಯ ಕಡೆ ತಿರುಗಿದರು.

"ಆ ನೀರು ಕುಡಿಯುವುದು ಸ್ವಲ್ಪ ಕಷ್ಟ ಉಂಟು, ಆದ್ರೆ ಆಗ್ತದೆ. ಬೊಂಡದ ನೀರು ನಡುವೆ ನಡುವೆ ಕುಡಿದ್ರೆ ಲಾಯ್ಕ್ ಹೋಗ್ತದೆ. ಇಲ್ಲಿ ಎಂತ ಗೊತ್ತಾಗುವುದಿಲ್ಲ, ಒಂದು ನಿದ್ದೆ ಬರ್ತದೆ, ಅಷ್ಟೇ. ಹೆದರುವಂಥದ್ದು ಒಳಗೆ ಎಂತ ಇಲ್ಲ. ನಾನು ನೋಡಿ ಬಂದಿದ್ದೇನೆ ಚಂಪಾ."

ಚಂಪಕ್ಕನ ಕೈ ಗಂಡನ ತೋಳಿನ ಮೇಲೆಯೇ ಇತ್ತು. ಜಗತ್ತಿನವರ ಪರವಾಗಿ ಮಾತಾಡುವ ಆ ಹೆಂಗಸಿಗೆ ಒಂದು ಶಬ್ದ ಹುಟ್ಟಲಿಲ್ಲ, ಕಣ್ಣಿನಿಂದ ನೀರು ಮಾತ್ರ ಇಳಿಯಿತು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದು ಎಂತದ್ದು? ಡಾಕ್ಟರ್ ನಜ್ಲಾ ಕನ್ನಡಕ ತೆಗೆದು ಒರೆಸಿಕೊಂಡು, ಬೆನಿಟಾ, ಒಂದು ಹೊಸ ಫೈಲ್ ತನ್ನಿ ಎಂದರು.

ಹೊಸ ಫೈಲಿಗೆ ಹೆಸರು ಕೇಳಿದಾಗ ಚಂಪಕ್ಕ ನೆಲ ನೋಡಿದರು. ಹೆಸರನ್ನು ಚೆನ್ನಪ್ಪಣ್ಣನೇ ಹೇಳಿ ಬರೆಸಿದರು. ಪ್ರಾಯ ಕೇಳಿದಾಗಲೂ ಅವರೇ ಐವತ್ತೊಂಬತ್ತು ಎಂದರು. ಚಂಪಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಐವತ್ತೇಳು ಎಂದು ತಿದ್ದಿದರು. ಆಗ ನನಗೆ ಸಮಾಧಾನವಾಯಿತು, ಇನ್ನು ಇವರು ಓಡುವುದಿಲ್ಲ ಎಂದು.

ಅದೇ ವಾರ ಚಂಪಕ್ಕನ ಸರದಿ ಬಂತು. ಕರುಳಿನ ಎಡಗಡೆ, ಅವರು ಕೈ ಇಟ್ಟು ತೋರಿಸಿದ್ದ ಜಾಗದಲ್ಲಿಯೇ, ದೊಡ್ಡ ದ್ರಾಕ್ಷಿಯಷ್ಟು ಒಂದು ಗಂಟು ತೊಟ್ಟಿನಲ್ಲಿ ತೂಗುತ್ತಿತ್ತು. ಅದರಿಂದಲೇ ರಕ್ತ. ಡಾಕ್ಟರು ಅದನ್ನು ಆಗಲೇ ತಂತಿಯ ಕುಣಿಕೆ ಹಾಕಿ ತೆಗೆದರು. ಪರೀಕ್ಷೆಗೆ ಕಳುಹಿಸಿ ರಿಪೋರ್ಟ್ ಬರುವ ತನಕ ನಾನು ಊಟ ಸರಿಯಾಗಿ ಮಾಡಲಿಲ್ಲ. ಬಂತು. ಕೆಟ್ಟದ್ದಲ್ಲ. ಹಾಗೆಯೇ ಬಿಟ್ಟಿದ್ದರೆ ಮುಂದೆ ಕೆಡುವ ಜಾತಿಯದ್ದು, ಸರಿಯಾದ ಹೊತ್ತಿಗೆ ಸಿಕ್ಕಿತು ಎಂದರು ಡಾಕ್ಟರು. ಅವತ್ತು ಅದ್ದುವಿನ ಬೇಕರಿಯಿಂದ ಕ್ಲಿನಿಕ್ಕಿನವರಿಗೆಲ್ಲ ಪಫ್ಸ್ ತರಿಸಿದವಳು ನಾನೇ. ಅವನು ಇದನ್ನು ಈಗಲೂ ಹೇಳಿ ಕಾಡಿಸುತ್ತಾನೆ.

ಈಗ ಚಂಪಕ್ಕನ ಮುಖಕ್ಕೆ ರಕ್ತದ ಕಳೆ ಬಂದಿದೆ. ಮತ್ತೆ ಜನರನ್ನು ಕರೆತರುತ್ತಾರೆ. ಹೆದರಿ ಕೂತವರಿಗೆ, ನನ್ನ ಹೆಸರಿನ ಫೈಲ್ ಸಹ ಉಂಟು ಇಲ್ಲಿ, ಬೇಕಾದರೆ ಬೆನಿಟಾನನ್ನು ಕೇಳಿ ಎಂದು ಜಂಬ ಕೊಚ್ಚುತ್ತಾರೆ. ಕರುಳು ತೊಳೆಯುವ ನೀರಿನ ನಡುವೆ ಬೊಂಡ ಕುಡಿಯುವ ಉಪಾಯವನ್ನು ತಮ್ಮದೇ ಎಂಬಂತೆ ಹೇಳುತ್ತಾರೆ. ಚೆನ್ನಪ್ಪಣ್ಣ ಹೊರಗಿನ ಬೆಂಚಿನಲ್ಲಿ ಗೋಡೆ ನೋಡುತ್ತಾ ಕೂತಿರುತ್ತಾರೆ, ಮೊದಲಿನ ಹಾಗೆಯೇ.

ಆದರೆ ಅವರ ಬಗ್ಗೆ ಒಂದು ವಿಷಯ ನನಗೆ ಗೊತ್ತು. ಚಂಪಕ್ಕನ ಟೆಸ್ಟ್ ಮುಗಿದ ಮೇಲೆ ನಾನು ಅವರ ಹಾಸಿಗೆಯ ಹತ್ತಿರ ಇದ್ದೆ. ಅಮಲು ಅರ್ಧ ಇಳಿದಿತ್ತು. ಅಂಥ ಹೊತ್ತಿನಲ್ಲಿ ಅವರ ಬಾಯಿ ಎಲ್ಲಿಗೆ ಓಡುತ್ತದೋ ಎಂದು ನಾನು ಕಾಯುತ್ತಿದ್ದೆ. ಅವರು ನನ್ನ ಕೈ ಹಿಡಿದು ಮೆಲ್ಲನೆ ಹೇಳಿದರು, ನಿನ್ನೆ ಸಂಜೆ ಪ್ರತಿ ಗ್ಲಾಸಿನದ್ದೂ ಮೊದಲ ಗುಟುಕು ಅವರೇ ಕುಡಿದರು ಎಂದು. ಬಚ್ಚಲಿಗೆ ಹೋದಾಗ ಒಳಗೆ ಒಬ್ಬಳೇ ಹೆದರುತ್ತೇನೆ ಎಂದು ಬಾಗಿಲ ಹೊರಗೆ ಮಣೆ ಹಾಕಿ ಕೂತರಂತೆ. ಕೂತು ಮಾತಾಡಿದರಂತೆ. ಸುಮ್ಮನಾಗದೆ, ಮುಗಿಯುವ ತನಕ ಮಾತಾಡಿದರಂತೆ.

ಎಂತ ಮಾತಾಡಿದ್ರು ಎಂದು ಕೇಳಿದೆ.

"ಸ್ಟವ್‌ನದ್ದು," ಎಂದರು ಚಂಪಕ್ಕ, ಕಣ್ಣು ಮುಚ್ಚಿಕೊಂಡೇ ನಗುತ್ತಾ. "ಬೋಳಾರದ ಯಾವ ಮನೆಯ ಸ್ಟವ್‌ಗೆ ಎಂತ ಕಾಯಿಲೆ, ಹೇಗೆ ಗುಣ ಆಯ್ತು, ಎಲ್ಲ. ಮದುವೆಯಾದ ಮೇಲೆ ಅವರು ಇಷ್ಟು ಮಾತಾಡಿದ್ದು ನಾನು ಕೇಳಿಯೇ ಇಲ್ಲ ಬೆನಿಟಾ. ನಾನು ಒಂದು ಶಬ್ದ ನಡುವೆ ಹಾಕ್ಲಿಲ್ಲ."